ಮನೆಯ ಲಾನ್‌ಗೆ ಯಾವ ಗೊಬ್ಬರ? ಎರೆ ಮಣ್ಣಿಗೂ ಕೆಂಪು ಮಣ್ಣಿಗೂ ಒಂದು ಹೋಲಿಕೆ

ಮುಂಗಾರು ಹತ್ತಿರ ಬಂತೆಂದರೆ ಲಾನ್ ಇರುವ ಮನೆಯವರಿಂದ ಪ್ರಶ್ನೆಗಳು ಶುರುವಾಗುತ್ತವೆ. ಬಾಗಲಕೋಟೆ ನವನಗರದವರು ಕೇಳುತ್ತಾರೆ: "ಯೂರಿಯಾ ಹಾಕಿದ್ರೂ ಹುಲ್ಲು ಹಳದೀನ ಐತ್ರಿ, ಇನ್ನೊಂದಿಷ್ಟು ಹಾಕಲೇನ್ರಿ?" ವಿಜಯಪುರದವರ ಪ್ರಶ್ನೆ ಬೇರೆ: "ಊರಿಂದ ತಿಪ್ಪಿ ಗೊಬ್ಬರ ಪುಕ್ಕಟ ಬರ್ತದ, ಹಂಗೇ ಹರವಿದ್ರ ನಡೀತದೇನ್ರಿ?" ಬೆಳಗಾವಿ ಟಿಳಕವಾಡಿಯವರಿಗೆ ಎರೆಹುಳು ಗೊಬ್ಬರ ತರಬೇಕೋ, ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮನಾಗಿರುವ 19:19:19 ಗೊಬ್ಬರ ತರಬೇಕೋ ಎಂಬ ಗೊಂದಲ.

ಮೂವರಿಗೂ ಒಂದೇ ಉತ್ತರ ಕೊಟ್ಟರೆ ಇಬ್ಬರಿಗಾದರೂ ಅದು ತಪ್ಪಾಗುತ್ತದೆ. ಈ ಮೂರು ಜಿಲ್ಲೆಗಳಲ್ಲಿ ಮಣ್ಣು, ಮಳೆ, ಬೋರ್‌ವೆಲ್ ನೀರು ಅಷ್ಟು ಬೇರೆ ಬೇರೆ. ಇನ್ನು ಮೊಬೈಲಿನಲ್ಲಿ ಸಿಗುವ ಲಾನ್ ಸಲಹೆಗಳಲ್ಲಿ ಬಹಳಷ್ಟು ತಂಪು ದೇಶದ ಹುಲ್ಲಿಗೆ, ಹುಳಿ ಮಣ್ಣಿಗೆ ಹೇಳಿದವು. "ವರ್ಷಕ್ಕೊಮ್ಮೆ ಸುಣ್ಣ ಹಾಕಿ" ಎಂಬ ಮಾತು ಅಲ್ಲಿ ಸರಿ. ಸುಣ್ಣದ ಹರಳು ತುಂಬಿದ ನಮ್ಮ ಎರೆ ಮಣ್ಣಿಗೆ, ಅಂದರೆ ಕಪ್ಪು ಮಣ್ಣಿಗೆ, ಅದನ್ನೇ ಮಾಡಿದರೆ ಇದ್ದ ತೊಂದರೆ ಜಾಸ್ತಿಯಾಗುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ. ಎರೆ ಮಣ್ಣಿನ ಲಾನ್‌ಗೆ ದುಡ್ಡು ಹಾಕುವುದಿದ್ದರೆ ಮೊದಲು ಮಣ್ಣಿಗೆ ಹಾಕಿ, ಹುಲ್ಲಿಗೆ ಆಮೇಲೆ. ಕೆಂಪು ಮಣ್ಣಿನ ಲಾನ್‌ಗೆ ಯಾವ ಗೊಬ್ಬರ ಅನ್ನುವುದಕ್ಕಿಂತ ಎಷ್ಟು ಕಂತಿನಲ್ಲಿ ಅನ್ನುವುದು ಮುಖ್ಯ. ಯಾಕೆ ಅಂತ ಮುಂದೆ ನೋಡೋಣ. ಓದಿ ಮುಗಿಸುವಷ್ಟರಲ್ಲಿ ನಿಮ್ಮ ಮನೆಗೆ ಯಾವುದು ಸರಿ ಎಂದು ನೀವೇ ತೀರ್ಮಾನಿಸಬಹುದು.

ಚೀಲ ಕೊಳ್ಳುವ ಮುಂಚೆ

ಎಲ್ಲಕ್ಕಿಂತ ಮೊದಲು ಹುಲ್ಲಿನ ಕೆಳಗೆ ಯಾವ ಮಣ್ಣಿದೆ ನೋಡಿ. ವಿಜಯಪುರ, ಇಂಡಿ, ಸಿಂದಗಿ, ಜಮಖಂಡಿ, ಮುಧೋಳ, ಅಥಣಿ, ಸವದತ್ತಿ ಕಡೆ ಹೆಚ್ಚಾಗಿ ಎರೆ ಮಣ್ಣು. ಒದ್ದೆಯಾದಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಅದರಲ್ಲಿ ಸುಣ್ಣದಂಶ ಜಾಸ್ತಿ, ಮಣ್ಣು ಹುಳಿಯೋ ಕ್ಷಾರವೋ ಎಂದು ಹೇಳುವ ಪಿಎಚ್ ಅಂಕಿ 8ರ ಮೇಲೆ ಇರುವುದು ಸಾಮಾನ್ಯ (7ಕ್ಕಿಂತ ಕಡಿಮೆಯಾದರೆ ಹುಳಿ, ಮೇಲಾದರೆ ಕ್ಷಾರ). ಪೊಟ್ಯಾಷ್ ಸಾಕಷ್ಟಿರುತ್ತದೆ. ಕೊಳೆತ ಸಾವಯವ ಅಂಶ ಕಡಿಮೆ. ಕಬ್ಬಿಣ, ಸತು ಮಣ್ಣಲ್ಲಿದ್ದರೂ ಬೇರಿಗೆ ಸಿಗುವುದಿಲ್ಲ. ಬೆಳಗಾವಿ ನಗರದಿಂದ ಖಾನಾಪುರದ ಕಡೆ ಹೋದಂತೆ ಮಣ್ಣು ಕೆಂಪಾಗುತ್ತದೆ, ಜಂಬಿಟ್ಟಿಗೆ ಸಿಗುತ್ತದೆ. ಅದು ಸ್ವಲ್ಪ ಹುಳಿ ಮಣ್ಣು. ನೀರು ಬೇಗ ಇಳಿಯುತ್ತದೆ, ನೀರಿನ ಜೊತೆ ಗೊಬ್ಬರವೂ ಇಳಿದುಹೋಗುತ್ತದೆ. ಬಾದಾಮಿ ಸುತ್ತಲಿನ ಮರಳು ಮಿಶ್ರಿತ ಕೆಂಪು ಮಣ್ಣಿನ ಗುಣವೂ ಹೆಚ್ಚುಕಡಿಮೆ ಹೀಗೇ.

ಊರಿನ ಹೆಸರು ನೋಡಿ ಮಣ್ಣು ತೀರ್ಮಾನಿಸಬೇಡಿ. ಹೊಸ ಲೇಔಟ್‌ಗಳಲ್ಲಿ ಲಾನ್ ಹಾಕುವವರು ಎರೆ ಮಣ್ಣಿನ ಮೇಲೆ ನಾಲ್ಕಾರು ಇಂಚು ಕೆಂಪು ಮಣ್ಣು ಸುರಿದು ಹುಲ್ಲು ಹಾಸಿರುತ್ತಾರೆ. ಮನೆ ಕಟ್ಟಿದಾಗಿನ ಸಿಮೆಂಟು, ಜಲ್ಲಿ ಕೆಳಗೇ ಉಳಿದಿರುವುದೂ ಉಂಟು. ಹಾಗಾಗಿ ಮೂಲೆಯಲ್ಲೊಂದು ಕಡೆ ಒಂದಡಿ ಅಗೆದು ನೋಡಿ. ತೆಗೆದ ಮಣ್ಣನ್ನು ಒಣಗಿಸಿ ಅದರ ಮೇಲೆ ನಾಲ್ಕು ಹನಿ ವಿನೆಗರ್ ಬಿಡಿ. ಚುರ್ ಎಂದು ಗುಳ್ಳೆ ಎದ್ದರೆ ಸುಣ್ಣದಂಶ ಇದೆ ಎಂದರ್ಥ. ಈ ಪರೀಕ್ಷೆಗೆ ಖರ್ಚೇ ಇಲ್ಲ. ಆದರೆ ಮುಂದಿನ ಅರ್ಧ ತೀರ್ಮಾನ ಇದರ ಮೇಲೆ ನಿಂತಿದೆ.

ಪಿಎಚ್, ಲವಣ, ಸಾವಯವ ಇಂಗಾಲ ಸರಿಯಾಗಿ ತಿಳಿಯಬೇಕೆಂದರೆ ಮಣ್ಣು ಪರೀಕ್ಷೆ ಮಾಡಿಸಿ. ಲಾನ್‌ನ ಎಂಟು ಹತ್ತು ಕಡೆ ನಾಲ್ಕರಿಂದ ಆರು ಇಂಚು ಆಳದ ಮಣ್ಣು ತೆಗೆದು ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕೆ.ಜಿ. ಕೊಟ್ಟರೆ ಸಾಕು. ವಿಜಯಪುರದವರಿಗೆ ಹಿಟ್ನಳ್ಳಿಯ ಕೃಷಿ ವಿಜ್ಞಾನ ಕೇಂದ್ರ, ಬೈಲಹೊಂಗಲ ಕಡೆಯವರಿಗೆ ಮತ್ತಿಕೊಪ್ಪದ ಕೇಂದ್ರ, ಬಾಗಲಕೋಟೆಯವರಿಗೆ ತೋಟಗಾರಿಕೆ ವಿಶ್ವವಿದ್ಯಾಲಯ ಹತ್ತಿರ. ಹೋಗುವ ಮುಂಚೆ ಫೋನ್ ಮಾಡಿ ಕೇಳಿಕೊಳ್ಳಿ.

ಎರಡನೆಯದು ನೀರು. 100 ಚದರ ಅಡಿ ಲಾನ್‌ಗೆ ಒಂದು ಇಂಚು ನೀರು ಕೊಡಬೇಕೆಂದರೆ ಸುಮಾರು 235 ಲೀಟರ್ ಬೇಕು. 600 ಚದರ ಅಡಿಗೆ 1400 ಲೀಟರ್. ಗೊಬ್ಬರ ಹಾಕಿದ ಹುಲ್ಲು ಜಾಸ್ತಿ ಬೆಳೆಯುತ್ತದೆ, ಜಾಸ್ತಿ ಬೆಳೆದದ್ದು ಜಾಸ್ತಿ ನೀರು ಕೇಳುತ್ತದೆ. ಏಪ್ರಿಲ್, ಮೇನಲ್ಲಿ ಕುಡಿಯುವ ನೀರಿಗೇ ದಿನ ಎಣಿಸುವ ಓಣಿಯಲ್ಲಿದ್ದರೆ ಫೆಬ್ರುವರಿಯಲ್ಲಿ ಹುಲ್ಲಿಗೆ ಗೊಬ್ಬರ ಹಾಕಿ ಎಬ್ಬಿಸಬೇಡಿ. ಬೋರ್‌ವೆಲ್ ನೀರು ಸವಳಾಗಿದ್ದರೆ ಅದು ಬೇರೆಯದೇ ಲೆಕ್ಕ. ಕಾಲಿಟ್ಟ ಕಡೆ ಬಿಳಿ ಪದರ ಕಾಣುತ್ತಿದ್ದರೆ ಮಣ್ಣಲ್ಲಿ ಆಗಲೇ ಉಪ್ಪು ಸೇರಿದೆ. ರಾಸಾಯನಿಕ ಗೊಬ್ಬರವೂ ಒಂದು ಬಗೆಯ ಉಪ್ಪೇ ಅಲ್ವಾ? ಅಂಥ ಕಡೆ ಕಡಿಮೆ ಹಾಕಬೇಕು, ಮಳೆಗಾಲದಲ್ಲಷ್ಟೇ ಹಾಕಬೇಕು.

ಮೂರನೆಯದು ಹುಲ್ಲಿನ ಜಾತಿ. ಬರ್ಮುಡಾ ನಮ್ಮ ಕರಕಿಯ ಜಾತಿಯೇ. ಬೇಗ ಬೆಳೆಯುತ್ತದೆ, ಜಾಸ್ತಿ ತಿನ್ನುತ್ತದೆ, ಬಿಸಿಲಿಗೆ ಒಣಗಿದರೂ ಬೇರು ಬದುಕಿರುತ್ತದೆ. ನರ್ಸರಿಗಳಲ್ಲಿ ಮೆಕ್ಸಿಕನ್, ಕೊರಿಯನ್ ಎಂಬ ಹೆಸರಲ್ಲಿ ಸಿಗುವ ಸೂಜಿ ಎಲೆಯ ಹುಲ್ಲು ನಿಧಾನ ಬೆಳೆಯುತ್ತದೆ. ಅದಕ್ಕೆ ಬರ್ಮುಡಾದ ಅರ್ಧದಷ್ಟು ಗೊಬ್ಬರ ಸಾಕು. ಜಾಸ್ತಿ ಹಾಕಿದರೆ ಅದು ಗುಡ್ಡೆ ಗುಡ್ಡೆಯಾಗಿ ಉಬ್ಬಿ ಒಳಗೆ ಒಣ ಹುಲ್ಲಿನ ಪದರ ಕಟ್ಟುತ್ತದೆ.

ಉಳಿದದ್ದು ನಿಮ್ಮ ಸಮಯ, ದುಡ್ಡು, ಮನೆಯ ಪರಿಸ್ಥಿತಿ. ಮಕ್ಕಳು ಲಾನ್ ಮೇಲೆ ಆಡುತ್ತಾರಾ, ನಾಯಿ ಇದೆಯಾ, ಅಕ್ಕಪಕ್ಕದವರಿಗೆ ವಾಸನೆ ತೊಂದರೆಯಾಗುತ್ತಾ, ಇವನ್ನೂ ನೋಡಬೇಕು.

ಒಂದೇ ಅಳತೆಯಲ್ಲಿ ತೂಗಿದರೆ

ಹುಲ್ಲು ಮುಖ್ಯವಾಗಿ ಕೇಳುವುದು ಸಾರಜನಕ. 100 ಚದರ ಅಡಿಗೆ ಒಂದು ಸಲಕ್ಕೆ 50 ಗ್ರಾಂ ಸಾರಜನಕ ಎಂದರೆ ಅದೇ ಮೇಲಿನ ಮಿತಿ. ಇಷ್ಟು ಸಾರಜನಕ ಬೇಕೆಂದರೆ ಯೂರಿಯಾ ಸುಮಾರು 110 ಗ್ರಾಂ ಸಾಕು. ಅಮೋನಿಯಂ ಸಲ್ಫೇಟ್ 240 ಗ್ರಾಂ ಬೇಕು, 19:19:19 ಆದರೆ 260 ಗ್ರಾಂ. ಬೇವಿನ ಹಿಂಡಿ ಒಂದು ಕೆ.ಜಿ., ಎರೆಹುಳು ಗೊಬ್ಬರ ಮೂರು ಕೆ.ಜಿ. ಮೇಲೆ, ತಿಪ್ಪೆ ಗೊಬ್ಬರ ಹತ್ತು ಕೆ.ಜಿ.

ಬರೀ ಈ ಲೆಕ್ಕ ನೋಡಿದರೆ ಯೂರಿಯಾ ಗೆದ್ದಂತೆ ಕಾಣುತ್ತದೆ. 45 ಕೆ.ಜಿ. ಚೀಲಕ್ಕೆ 266 ರೂಪಾಯಿ ಚಿಲ್ಲರೆ, ಅದಕ್ಕಿಂತ ಅಗ್ಗದ್ದು ಬೇರೆ ಇಲ್ಲ. ಆದರೆ ಯೂರಿಯಾ ಮಣ್ಣಿಗೆ ಏನೂ ಸೇರಿಸುವುದಿಲ್ಲ. ಹತ್ತು ಕೆ.ಜಿ. ತಿಪ್ಪೆ ಗೊಬ್ಬರದಲ್ಲಿ ಸಾರಜನಕ 50 ಗ್ರಾಂ ಇದ್ದರೂ, ಉಳಿದ ಭಾರದಲ್ಲಿ ಎರೆ ಮಣ್ಣನ್ನು ಸಡಿಲ ಮಾಡುವ ಸಾವಯವ ಅಂಶ ಇರುತ್ತದೆ. ಎರೆ ಮಣ್ಣಿನವರು ದುಡ್ಡು ಕೊಡುವುದು ಅದಕ್ಕೆ.

ವರ್ಷಕ್ಕೆ ಎಷ್ಟು ಬೇಕು? ಮನೆಯ ಬರ್ಮುಡಾ ಲಾನ್‌ಗೆ 100 ಚದರ ಅಡಿಗೆ 100ರಿಂದ 150 ಗ್ರಾಂ ಸಾರಜನಕ ಕೊಟ್ಟರೆ ಚೆನ್ನಾಗಿರುತ್ತದೆ. ಸೂಜಿ ಎಲೆಯ ಹುಲ್ಲಿಗೆ 50ರಿಂದ 75 ಗ್ರಾಂ. ನಿಮ್ಮ ಲಾನ್‌ನ ಉದ್ದ, ಅಗಲ ಟೇಪಿನಿಂದ ಅಳೆದುಕೊಳ್ಳಿ. ಒಂದು ಗುಂಟೆ ಅಂದರೆ 1089 ಚದರ ಅಡಿ. ಹೊಲದ ಅಂದಾಜಿನಲ್ಲಿ ಮುಷ್ಟಿ ಮುಷ್ಟಿ ಎರಚಿದರೆ ಇಷ್ಟು ಸಣ್ಣ ಜಾಗಕ್ಕೆ ಎರಡು ಮೂರು ಪಟ್ಟು ಜಾಸ್ತಿ ಬಿದ್ದುಬಿಡುತ್ತದೆ.

ತಿಪ್ಪೆ ಗೊಬ್ಬರ

ಹಳ್ಳಿಯ ನಂಟು ಇರುವ ಮನೆಗಳಿಗೆ ಇದೇ ಮೊದಲ ಆಯ್ಕೆಯಾಗಬೇಕು. ಎರೆ ಮಣ್ಣಿಗೆ ಇದರಷ್ಟು ಒಳ್ಳೆಯದು ಯಾವುದೂ ಇಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆದರೆ ಒಂದು ಷರತ್ತು ಇದೆ. ಪೂರ್ತಿ ಕಳಿತಿರಬೇಕು. ಕೈಯಲ್ಲಿ ಹಿಡಿದರೆ ಪುಡಿಯಾಗಬೇಕು, ಸಗಣಿ ವಾಸನೆ ಬರಬಾರದು, ಮುಟ್ಟಿದರೆ ಬಿಸಿ ಇರಬಾರದು.

ಹಸಿ ಗೊಬ್ಬರ ಹಾಗೇ ಹರವಿದರೆ ಮೂರು ತೊಂದರೆ ಒಟ್ಟಿಗೆ ಬರುತ್ತವೆ. ಅದರ ಕಾವಿಗೆ ಹುಲ್ಲು ಸುಡುತ್ತದೆ. ಗೊಬ್ಬರದಲ್ಲಿದ್ದ ಕಸದ ಬೀಜ ಮೊಳಕೆಯೊಡೆದು ಲಾನ್ ತುಂಬ ಕಾಂಗ್ರೆಸ್ ಕಸ ಏಳುತ್ತದೆ. ಗೊಣ್ಣೆ ಹುಳು ಬಂದು ಬೇರು ತಿನ್ನುತ್ತದೆ, ಆಗ ಹುಲ್ಲು ಚಾಪೆಯಂತೆ ಕೈಗೆ ಕಿತ್ತು ಬರುತ್ತದೆ. ಊರಿಂದ ತಂದದ್ದು ಅರೆಬರೆ ಕಳಿತಿದ್ದರೆ ಹಿತ್ತಲಲ್ಲಿ ರಾಶಿ ಹಾಕಿ, ನೀರು ಚಿಮುಕಿಸಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ, ನಡುವೆ ತಿರುವಿ ಹಾಕುತ್ತಾ ಎರಡು ಮೂರು ತಿಂಗಳು ಬಿಡಿ.

ಹಾಕುವಾಗ ಜರಡಿ ಹಿಡಿಯಿರಿ. ಕಾಲು ಇಂಚು ದಪ್ಪ ಹರಡಲು 100 ಚದರ ಅಡಿಗೆ ಸುಮಾರು 60 ಲೀಟರ್ ಗೊಬ್ಬರ ಬೇಕು, ತೂಕದಲ್ಲಿ 30 ಕೆ.ಜಿ. ಆಸುಪಾಸು. ಪೊರಕೆಯಿಂದ ಎಳೆದು ಹುಲ್ಲಿನ ಬುಡಕ್ಕೆ ಇಳಿಸಿ. ಎಲೆಯ ತುದಿ ಮೇಲೆ ಕಾಣುತ್ತಿರಬೇಕು, ಪೂರ್ತಿ ಮುಚ್ಚಿದರೆ ಹುಲ್ಲು ಕೊಳೆಯುತ್ತದೆ. ಈ 30 ಕೆ.ಜಿ.ಯಲ್ಲಿ ಸಾರಜನಕ 150 ಗ್ರಾಂ ಇದ್ದರೂ ಮೊದಲ ವರ್ಷ ಅದರಲ್ಲಿ ಅರ್ಧಕ್ಕಿಂತ ಕಡಿಮೆಯೇ ಹುಲ್ಲಿಗೆ ಸಿಗುತ್ತದೆ. ಸೂಜಿ ಎಲೆಯ ಹುಲ್ಲಿಗೆ ಅಷ್ಟೇ ಸಾಕು. ಬೇರೆ ಗೊಬ್ಬರವೇ ಬೇಡ. ಬರ್ಮುಡಾ ಆದರೆ ಮಳೆಗಾಲದಲ್ಲಿ ಇನ್ನೊಂದೆರಡು ಕಂತು ಸಾರಜನಕ ಕೊಡಬೇಕು.

ಎರೆಹುಳು ಗೊಬ್ಬರ, ಬೇವಿನ ಹಿಂಡಿ

ಅಪಾರ್ಟ್‌ಮೆಂಟಿನ ಅಂಗಳ, ಓಣಿಯ ನಡುವಿನ ಮನೆ, ವಾಸನೆ ಬರಬಾರದು ಎನ್ನುವವರಿಗೆ ಎರೆಹುಳು ಗೊಬ್ಬರ ಅನುಕೂಲ. ಕಸದ ಬೀಜ ಕಡಿಮೆ, ಹರಡಲು ಸುಲಭ. ಬೆಲೆ ಮಾತ್ರ ತಿಪ್ಪೆ ಗೊಬ್ಬರದ ಹಲವು ಪಟ್ಟು. ಹಾಗಾಗಿ 200 ಚದರ ಅಡಿ ಒಳಗಿನ ಲಾನ್‌ಗೆ ಇದು ಸರಿ, ದೊಡ್ಡ ಅಂಗಳಕ್ಕೆ ಕೈ ಸುಡುತ್ತದೆ. 100 ಚದರ ಅಡಿಗೆ ಐದಾರು ಕೆ.ಜಿ.ಯಂತೆ ವರ್ಷಕ್ಕೆರಡು ಸಲ ಹಾಕಿ. ಕೊಳ್ಳುವಾಗ ಚೀಲದ ಬಾಯಿ ಬಿಚ್ಚಿ ನೋಡಿ. ಬರೀ ಕರಿ ಮಣ್ಣು ತುಂಬಿದ ಚೀಲಗಳೂ ಮಾರಾಟಕ್ಕಿರುತ್ತವೆ. ಒಳ್ಳೆಯದಾದರೆ ಚಹಾ ಪುಡಿಯ ಹಾಗೆ ಹರಳು ಹರಳಾಗಿ, ಹಗುರವಾಗಿರುತ್ತದೆ.

ಬೇವಿನ ಹಿಂಡಿಯಲ್ಲಿ ಸಾರಜನಕ ಸುಮಾರು ನೂರಕ್ಕೆ ಐದರಷ್ಟು. ನಿಧಾನವಾಗಿ ಬಿಡುತ್ತದೆ, ಹುಲ್ಲು ಸುಡುವುದಿಲ್ಲ. ಗೊಣ್ಣೆ ಹುಳು, ಗೆದ್ದಲಿನ ಕಾಟ ಇರುವ ಕಡೆ ನಾನು ಇದನ್ನೇ ಹೇಳುತ್ತೇನೆ, ತಿಪ್ಪೆ ಗೊಬ್ಬರದ ಜೊತೆ 100 ಚದರ ಅಡಿಗೆ ಒಂದು ಕೆ.ಜಿ. ಬೆರೆಸಿ ಅಂತ. ಹಾಕಿದ ಮೇಲೆ ನಾಲ್ಕೈದು ದಿನ ಕಟು ವಾಸನೆ ಇರುತ್ತದೆ. ಹಬ್ಬ, ಮದುವೆ ಹತ್ತಿರ ಇದ್ದರೆ ಮುಂದಕ್ಕೆ ಹಾಕಿ.

ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್

ಎಲ್ಲ ಜಿಲ್ಲೆಯವರಿಗೂ ಸಿಗದ ಅನುಕೂಲ ಇದು. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಕಬ್ಬಿನ ಕಾರ್ಖಾನೆಗಳು ಬೇಕಾದಷ್ಟಿವೆ. ಕಬ್ಬಿನ ಹಾಲು ಸೋಸಿದಾಗ ಉಳಿಯುವ ಈ ಕಪ್ಪು ಮಡ್ಡಿ ಅಗ್ಗ. ಸಾವಯವ ಅಂಶ ಚೆನ್ನಾಗಿದೆ, ರಂಜಕವೂ ಇದೆ. ಕೆಂಪು ಮಣ್ಣಿಗೆ ಇದು ಬಹಳ ಒಳ್ಳೆಯದು, ಏಕೆಂದರೆ ಅಲ್ಲಿ ಕಡಿಮೆ ಇರುವ ಸುಣ್ಣದಂಶವನ್ನೂ ಕೊಡುತ್ತದೆ.

ಎಚ್ಚರ ಎರಡು ಕಡೆ ಬೇಕು. ಹೊಸ ಪ್ರೆಸ್‌ಮಡ್‌ನಲ್ಲಿ ಮೇಣದಂಶ ಇರುತ್ತದೆ, ರಾಶಿ ಕಾಯುತ್ತದೆ, ನಾರುತ್ತದೆ. ಒಂದು ಮಳೆಗಾಲವಾದರೂ ಕಳಿತದ್ದನ್ನೇ ತನ್ನಿ. ಇನ್ನೊಂದು, ಡಿಸ್ಟಿಲರಿಯ ತ್ಯಾಜ್ಯ ನೀರು ಬೆರೆಸಿ ಮಾಡಿದ ಕಾಂಪೋಸ್ಟ್ ಆದರೆ ಅದರಲ್ಲಿ ಲವಣ ಜಾಸ್ತಿ ಇರಬಹುದು. ಸವಳು ಮಣ್ಣು, ಸವಳು ನೀರು ಇರುವ ಮನೆಯವರು ಅದನ್ನು ಬಿಡುವುದೇ ಲೇಸು. ಎರೆ ಮಣ್ಣಿನವರು ಬಳಸಬಹುದು, ಆದರೆ ತಿಪ್ಪೆ ಗೊಬ್ಬರ ಸಿಗುತ್ತಿದ್ದರೆ ಅದಕ್ಕೇ ಮೊದಲ ಮಣೆ.

ಯೂರಿಯಾ, ಅಮೋನಿಯಂ ಸಲ್ಫೇಟ್, ಡಿಎಪಿ

ಯೂರಿಯಾ ಹಾಕಿದ ವಾರದಲ್ಲಿ ಹುಲ್ಲು ಹಸಿರಾಗುತ್ತದೆ. ಅದಕ್ಕೇ ಎಲ್ಲರಿಗೂ ಇಷ್ಟ. ಎರೆ ಮಣ್ಣಿನಲ್ಲಿ ಇದಕ್ಕೊಂದು ದೋಷವಿದೆ. ಪಿಎಚ್ ಜಾಸ್ತಿ ಇರುವ ಮಣ್ಣಿನ ಮೇಲೆ ಯೂರಿಯಾ ಹಾಗೇ ಬಿದ್ದಿದ್ದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಬಿಸಿಲು ಜೋರಿದ್ದಷ್ಟೂ ನಷ್ಟ ಜಾಸ್ತಿ. ಆದ್ದರಿಂದ ಹಾಕಿದ ತಕ್ಷಣ ನೀರು ಬಿಡಲೇಬೇಕು. "ಸಂಜೆ ಮಳೆ ಬರಬಹುದು" ಎಂದು ನಂಬಿ ಬೆಳಿಗ್ಗೆ ಎರಚಿಡಬೇಡಿ. ಎಲೆ ಒಣಗಿರುವಾಗ ಹಾಕಿ, ಇಬ್ಬನಿಯ ಮೇಲೆ ಹಾಕಿದರೆ ಹರಳು ಎಲೆಗೆ ಅಂಟಿ ಸುಡುತ್ತದೆ.

ಇನ್ನೊಂದು ವಿಷಯ ಮನಸ್ಸಿಗೆ ಹತ್ತಿರದ್ದು. ಸಬ್ಸಿಡಿ ಯೂರಿಯಾ ಕೃಷಿಗೆಂದು ಕೊಡುವುದು, ಆಧಾರ್ ತೋರಿಸಿ ಕೊಳ್ಳಬೇಕು. ಜೂನ್, ಜುಲೈನಲ್ಲಿ ರೈತರು ಒಂದು ಚೀಲಕ್ಕಾಗಿ ಸರದಿ ನಿಂತಿರುತ್ತಾರೆ. ಅಂಥ ಹೊತ್ತಲ್ಲಿ ಅಂದದ ಹುಲ್ಲಿಗೆಂದು ನಾವು ಅಲ್ಲಿ ನಿಲ್ಲಬಾರದು. ಮನೆಗೆ ಬೇಕಾಗುವುದು ಎರಡು ಮೂರು ಕೆ.ಜಿ. ಮಾತ್ರ. ಅಷ್ಟನ್ನು ಬೇರೆ ಗೊಬ್ಬರದಿಂದ ತೂಗಿಸಬಹುದು.

ಎರೆ ಮಣ್ಣಿಗೆ ನಾನು ಹೇಳುವುದು ಅಮೋನಿಯಂ ಸಲ್ಫೇಟ್. ಸಾರಜನಕ ಯೂರಿಯಾದ ಅರ್ಧಕ್ಕಿಂತ ಕಡಿಮೆ, ಆದರೆ ಗಂಧಕವೂ ಇದೆ. ಬೇರಿನ ಸುತ್ತಲಿನ ಮಣ್ಣನ್ನು ಸ್ವಲ್ಪ ಹುಳಿ ಮಾಡುತ್ತದೆ, ಹಾಗಾಗಿ ಕಟ್ಟಿಬಿದ್ದ ಕಬ್ಬಿಣ, ಸತು ಒಂದಿಷ್ಟು ಬಿಡುತ್ತವೆ. ಎರೆ ಮಣ್ಣಿನ ಮೇಲೆ ಇದನ್ನು ಹಾಕಿದಾಗಲೂ ತಡಮಾಡದೆ ನೀರು ಬಿಡಬೇಕು. 100 ಚದರ ಅಡಿಗೆ ಒಂದು ಸಲಕ್ಕೆ 120 ಗ್ರಾಂ ಸಾಕು. ಅದೇ ಗೊಬ್ಬರ ಬೆಳಗಾವಿಯ ಹುಳಿ ಮಣ್ಣಿಗೆ ವರ್ಷಾನುಗಟ್ಟಲೆ ಬೇಡ. ಅಲ್ಲಿ ಹುಳಿ ಮತ್ತಷ್ಟು ಏರುತ್ತದೆ.

ರಂಜಕ ಜಾಸ್ತಿ ಇರುವ ಡಿಎಪಿ ಗೊಬ್ಬರದ ಬಗ್ಗೆ ಬೇಗ ಮುಗಿಸುತ್ತೇನೆ. ಹೊಲಕ್ಕೆ ತಂದದ್ದು ಉಳಿದಿದೆ ಎಂದು ಲಾನ್‌ಗೆ ಹಾಕುವವರು ಬಹಳ. ರಂಜಕ ಬೇಕಾಗುವುದು ಹೊಸದಾಗಿ ಹುಲ್ಲು ನೆಡುವಾಗ. ಬೇರು ಬಿಟ್ಟ ಲಾನ್‌ಗೆ ವರ್ಷ ವರ್ಷ ಹಾಕಿದರೆ ರಂಜಕ ಮಣ್ಣಲ್ಲೇ ಕೂಡುತ್ತದೆ, ಸತು ಮತ್ತು ಕಬ್ಬಿಣದ ಕೊರತೆ ಹೆಚ್ಚಿಸುತ್ತದೆ. ಉಳಿದ ಡಿಎಪಿ ಹೊಲಕ್ಕೇ ಹೋಗಲಿ.

19:19:19 ಮತ್ತು ರೆಡಿ ಪ್ಯಾಕೆಟ್‌ಗಳು

ನೀರಲ್ಲಿ ಪೂರ್ತಿ ಕರಗುವ 19:19:19 ಅನ್ನು ಲೀಟರಿಗೆ ಐದು ಗ್ರಾಂನಂತೆ ಕರಗಿಸಿ ಎಲೆಗೆ ಸಿಂಪಡಿಸಬಹುದು. ಮೂರು ನಾಲ್ಕು ದಿನದಲ್ಲಿ ಬಣ್ಣ ತಿರುಗುತ್ತದೆ. ಮನೆಯಲ್ಲಿ ಕಾರ್ಯಕ್ರಮ ಇದೆ, ಹದಿನೈದು ದಿನದಲ್ಲಿ ಲಾನ್ ಚೆನ್ನಾಗಿ ಕಾಣಬೇಕು ಎನ್ನುವವರಿಗೆ ಇದು ಸರಿ. ವರ್ಷಪೂರ್ತಿ ಇದನ್ನೇ ನಂಬಿದರೆ ಬೇಡದ ರಂಜಕ, ಪೊಟ್ಯಾಷ್‌ಗೆ ದುಡ್ಡು ಕೊಟ್ಟಂತಾಗುತ್ತದೆ. "ಲಾನ್ ಸ್ಪೆಷಲ್" ಎಂದು ಬರೆದ ಸಣ್ಣ ಪ್ಯಾಕೆಟ್ ಕೊಳ್ಳುವ ಮುಂಚೆ ಹಿಂದೆ ಮುದ್ರಿಸಿದ ಮೂರು ಅಂಕಿ ಓದಿ. ಅವು ಸಾಲಾಗಿ ಸಾರಜನಕ, ರಂಜಕ, ಪೊಟ್ಯಾಷ್‌ನ ಪ್ರಮಾಣ. ಮೊದಲ ಅಂಕಿ ದೊಡ್ಡದಿದ್ದು, ನಡುವಿನದು ಸಣ್ಣದಿದ್ದರೆ ಲಾನ್‌ಗೆ ಹೊಂದುತ್ತದೆ. ಅಂಕಿಯೇ ಇಲ್ಲದ ಪ್ಯಾಕೆಟ್ ವಾಪಸ್ ಇಡಿ.

ಸಗಣಿ, ಗಂಜಲ, ಬೆಲ್ಲ ಕಲಸಿ ಜೀವಾಮೃತ ಮಾಡುವವರು ಮಾಡಲಿ, ಮಣ್ಣಿನ ಜೀವಾಣುಗಳಿಗೆ ಒಳ್ಳೆಯದು. ಅದರಲ್ಲಿ ಸಾರಜನಕ ಅಲ್ಪ. ತಿಪ್ಪೆ ಗೊಬ್ಬರದ ಜೊತೆಗೆ ಕೊಡಿ, ಅದರ ಬದಲಿಗೆ ಅಲ್ಲ.

ಕತ್ತರಿಸಿದ ಹುಲ್ಲು

ಪುಕ್ಕಟೆ ಸಿಗುವ ಗೊಬ್ಬರವನ್ನು ನಾವು ಚೀಲ ತುಂಬಿ ಕಸದ ಗಾಡಿಗೆ ಕೊಡುತ್ತಿದ್ದೇವೆ. ಕತ್ತರಿಸಿದ ಹುಲ್ಲಿನ ಚೂರನ್ನು ಲಾನ್ ಮೇಲೇ ಬಿಟ್ಟರೆ ವರ್ಷಕ್ಕೆ ಬೇಕಾದ ಸಾರಜನಕದ ಕಾಲು ಭಾಗದಷ್ಟು ವಾಪಸ್ ಮಣ್ಣಿಗೆ ಸೇರುತ್ತದೆ. ಒಂದೇ ನಿಯಮ ಇದೆ. ಒಂದು ಸಲಕ್ಕೆ ಎತ್ತರದ ಮೂರರಲ್ಲಿ ಒಂದು ಭಾಗ ಮಾತ್ರ ಕತ್ತರಿಸಬೇಕು. ತಿಂಗಳುಗಟ್ಟಲೆ ಬಿಟ್ಟು ಒಮ್ಮೆಲೇ ಬುಡಕ್ಕೆ ಕತ್ತರಿಸಿದರೆ ಚೂರು ಉದ್ದವಿದ್ದು ಕೆಳಗಿನ ಹುಲ್ಲನ್ನು ಮುಚ್ಚುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಕತ್ತರಿಸಲು ಆಗದಿದ್ದರೆ ಚೂರು ತೆಗೆದು ಹಿತ್ತಲ ಗುಂಡಿಗೆ ಹಾಕಿ.

ಯೂರಿಯಾಕ್ಕೂ ಹೋಗದ ಹಳದಿ

ನವನಗರದವರ ಪ್ರಶ್ನೆಗೆ ಈಗ ಬರೋಣ. ಹಳದಿ ಎರಡು ಬಗೆ. ಹಳೆಯ, ಕೆಳಗಿನ ಎಲೆಗಳು ಮೊದಲು ಪೂರ್ತಿ ಹಳದಿಯಾಗಿ, ಹುಲ್ಲು ಬೆಳೆಯುವುದೇ ನಿಂತಿದ್ದರೆ ಅದು ಸಾರಜನಕದ ಕೊರತೆ. ಹೊಸ, ತುದಿಯ ಎಲೆಗಳು ಹಳದಿಯಾಗಿ, ಹತ್ತಿರದಿಂದ ನೋಡಿದರೆ ಉದ್ದಕ್ಕೆ ಹಸಿರು ಗೆರೆ ಉಳಿದಿದ್ದರೆ ಅದು ಕಬ್ಬಿಣದ ಕೊರತೆ. ಸುಣ್ಣದಂಶದ ಎರೆ ಮಣ್ಣಿನಲ್ಲಿ ಎರಡನೆಯದೇ ಜಾಸ್ತಿ. ಅದಕ್ಕೆ ಯೂರಿಯಾ ಸುರಿದರೆ ಹುಲ್ಲು ಇನ್ನಷ್ಟು ಬೆಳೆದು ಕಬ್ಬಿಣದ ಬೇಡಿಕೆ ಏರುತ್ತದೆ, ಹಳದಿ ಗಾಢವಾಗುತ್ತದೆ.

ಇದಕ್ಕೆ ಔಷಧಿ ಫೆರಸ್ ಸಲ್ಫೇಟ್. ಅದನ್ನು ಮಣ್ಣಿಗೆ ಹಾಕಬೇಡಿ, ಸುಣ್ಣದ ಮಣ್ಣು ಅದನ್ನು ಬೇಗ ಕಟ್ಟಿಹಾಕುತ್ತದೆ. ಲೀಟರ್ ನೀರಿಗೆ ಐದು ಗ್ರಾಂ ಫೆರಸ್ ಸಲ್ಫೇಟ್, ಒಂದು ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ. ಹದಿನೈದು ದಿನ ಬಿಟ್ಟು ಮತ್ತೊಮ್ಮೆ. ಮೊದಲು ಒಂದು ಮೂಲೆಯಲ್ಲಿ ಮಾಡಿ ನೋಡಿ. ಹಸಿರಾದರೆ ನಿಮ್ಮ ಊಹೆ ಸರಿ, ಉಳಿದ ಕಡೆಯೂ ಮಾಡಿ. ಸಿಂಪಡಿಸುವಾಗ ಅಂಗಳದ ಫರಸಿ, ಟೈಲ್ಸ್, ಗೋಡೆಗೆ ಬೀಳದಂತೆ ನೋಡಿಕೊಳ್ಳಿ. ತುಕ್ಕಿನ ಕಲೆ ಹಿಡಿದರೆ ಹೋಗುವುದಿಲ್ಲ.

ಮಣ್ಣಿನ ಆರೈಕೆ

ಎರೆ ಮಣ್ಣಿಗೆ ಮರಳು ಬೆರೆಸಿದರೆ ಸಡಿಲವಾಗುತ್ತದೆ ಎಂದು ಹಲವರು ಟ್ರ್ಯಾಕ್ಟರ್ ತರಿಸುತ್ತಾರೆ. ಅರ್ಧಕ್ಕರ್ಧ ಬೆರೆಸದೆ ಮರಳಿನಿಂದ ಏನೂ ಆಗುವುದಿಲ್ಲ, ಸುಮ್ನೆ ಖರ್ಚು. ಅದೇ ದುಡ್ಡಿಗೆ ಗೊಬ್ಬರ ತನ್ನಿ.

ಬೇಸಿಗೆಯ ಬಿರುಕು ನೋಡಿ ಗಾಬರಿಯಾಗಬೇಡಿ, ಅದನ್ನು ಬಳಸಿಕೊಳ್ಳಿ. ಮೇ ಕೊನೆಗೆ, ಮೊದಲ ದೊಡ್ಡ ಮಳೆಗೆ ಮುಂಚೆ, ಜರಡಿ ಹಿಡಿದ ಗೊಬ್ಬರವನ್ನು ಪೊರಕೆಯಿಂದ ಬಿರುಕಿನೊಳಗೆ ತುಂಬಿ. ಮಳೆ ಬಿದ್ದು ಮಣ್ಣು ಉಬ್ಬಿದಾಗ ಆ ಗೊಬ್ಬರ ಅರ್ಧ ಅಡಿ ಆಳದಲ್ಲಿ ಸಿಕ್ಕಿಕೊಳ್ಳುತ್ತದೆ. ಅಗೆಯದೇ ಅಷ್ಟು ಆಳಕ್ಕೆ ಗೊಬ್ಬರ ಕಳಿಸಲು ಬೇರೆ ದಾರಿ ಇಲ್ಲ. ಎರೆ ಭೂಮಿಯವರಿಗೆ ಮಾತ್ರ ಸಿಕ್ಕಿರುವ ಅನುಕೂಲ ಇದು.

ಓಡಾಡಿ ಗಟ್ಟಿಯಾದ ಜಾಗದಲ್ಲಿ ಹಲ್ಲಿನ ಫೋರ್ಕ್ ಮೂರು ನಾಲ್ಕು ಇಂಚು ಚುಚ್ಚಿ ತೂತು ಮಾಡಿ, ಅದರಲ್ಲಿ ಗೊಬ್ಬರ ಇಳಿಸಿ. ಮಣ್ಣು ಹದವಾಗಿದ್ದಾಗ ಮಾಡಿ. ಎರೆ ಮಣ್ಣು ರಾಡಿಯಾಗಿದ್ದಾಗ ಲಾನ್ ಮೇಲೆ ಕಾಲಿಡಲೇಬೇಡಿ.

ಜಿಪ್ಸಮ್ ಹಾಕಬೇಕಾ? ಸೋಡಿಯಂ ಸೇರಿ ಕೆಟ್ಟ ಮಣ್ಣಿಗೆ ಮಾತ್ರ. ಕಾಲುವೆ ನೀರಾವರಿಯಿಂದ ಸವಳು ಜವಳಾದ ಭೂಮಿ ನಮ್ಮ ಕಡೆ ಸಾಕಷ್ಟಿದೆ. ಅಂಥ ಕಡೆ ಕಟ್ಟಿದ ಮನೆಯಾಗಿದ್ದು, ಪರೀಕ್ಷೆಯಲ್ಲಿ ಪಿಎಚ್ 8.5 ದಾಟಿದ್ದರೆ ಜಿಪ್ಸಮ್ ಎಷ್ಟು ಹಾಕಬೇಕೆಂದು ಪರೀಕ್ಷೆ ಮಾಡಿದವರನ್ನೇ ಕೇಳಿ. ಬರೀ ಸುಣ್ಣದಂಶ ಇರುವ ಮಣ್ಣಿಗೆ ಜಿಪ್ಸಮ್‌ನಿಂದ ಲಾಭವಿಲ್ಲ. ಕೃಷಿ ಸುಣ್ಣ ಬೇಕಾಗುವುದು ಬೆಳಗಾವಿ, ಖಾನಾಪುರದ ಹುಳಿ ಮಣ್ಣಿಗೆ, ಅದೂ ಪಿಎಚ್ 6ಕ್ಕಿಂತ ಕೆಳಗಿದ್ದರೆ.

ಯಾವಾಗ ಹಾಕಬೇಕು

ಬೆಳಗಾವಿ ನಗರಕ್ಕೆ ವರ್ಷಕ್ಕೆ 1200 ಮಿ.ಮೀ. ಮೇಲೆ ಮಳೆ, ಅದರಲ್ಲಿ ಬಹುಪಾಲು ಜುಲೈ ಸುತ್ತಮುತ್ತ. ಆಗ ಹಾಕಿದ ಸಾರಜನಕ ಚರಂಡಿ ಸೇರುತ್ತದೆ, ಜೊತೆಗೆ ಎಳೆ ಹುಲ್ಲಿಗೆ ಬೂಷ್ಟು ರೋಗ ಹಿಡಿದು ದುಂಡನೆಯ ಕಂದು ಕಲೆಗಳು ಬೀಳುತ್ತವೆ. ಅಲ್ಲಿಯವರು ಮೇ ಕೊನೆಗೆ ಸಾವಯವ ಗೊಬ್ಬರ, ಜೂನ್ ಮೊದಲಿಗೆ 100 ಚದರ ಅಡಿಗೆ 25 ಗ್ರಾಂ ಸಾರಜನಕದ ಒಂದು ಕಂತು, ಆಮೇಲೆ ಜುಲೈ, ಆಗಸ್ಟ್ ಬಿಟ್ಟು ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ ಒಂದೊಂದು ಕಂತು ಕೊಡಲಿ. ಬೇಸಿಗೆಯಲ್ಲೂ ನೀರಿದ್ದರೆ ಮಾರ್ಚ್‌ನಲ್ಲಿ ಇನ್ನೊಂದು.

ವಿಜಯಪುರ, ಬಾಗಲಕೋಟೆಯ ಮಳೆ 600 ಮಿ.ಮೀ. ಆಸುಪಾಸು, ಸೆಪ್ಟೆಂಬರ್ ಮಳೆಯೇ ಜೋರು. ಮೇ ಕೊನೆಗೆ ಬಿರುಕಿಗೆ ಗೊಬ್ಬರ, ಜೂನ್ ಮಳೆ ಹಿಡಿದ ಮೇಲೆ ಒಂದು ಕಂತು, ಆಗಸ್ಟ್ ಕೊನೆಗೆ ಒಂದು, ಸೆಪ್ಟೆಂಬರ್ ಕೊನೆಗೆ ಒಂದು. ಚಳಿಗೆ ಹುಲ್ಲು ನಿಧಾನವಾಗುತ್ತದೆ, ಎರಡೂ ಕಡೆ ಡಿಸೆಂಬರ್, ಜನವರಿಯಲ್ಲಿ ಏನೂ ಬೇಡ. ನೀರಿಲ್ಲದ ಬೇಸಿಗೆಯಲ್ಲಿ ಬರ್ಮುಡಾ ಕಂದಾಗಲಿ ಬಿಡಿ. ಮಳೆಗೆ ಮತ್ತೆ ಚಿಗುರುತ್ತದೆ. ಗೋಲಗುಮ್ಮಟದ ಮುಂದಿನ ಲಾನ್, ಆಲಮಟ್ಟಿ ಉದ್ಯಾನ ಮೇನಲ್ಲೂ ಹಸಿರಿವೆ ಎಂದು ಮನೆಯಲ್ಲೂ ಹಾಗೇ ಬೇಕೆನ್ನುವುದು ಸರಿಯಲ್ಲ. ಅಲ್ಲಿ ದಿನವೂ ನೋಡಿಕೊಳ್ಳುವ ಮಾಲಿಗಳಿದ್ದಾರೆ.

ನಿಮ್ಮ ಮನೆ ಯಾವುದು?

ಎರೆ ಮಣ್ಣು, ಊರಿಂದ ಗೊಬ್ಬರ ಬರುತ್ತದೆ, ಖರ್ಚು ಕಡಿಮೆ ಬೇಕು ಎನ್ನುವವರು ಕಳಿತ ತಿಪ್ಪೆ ಗೊಬ್ಬರ ವರ್ಷಕ್ಕೊಮ್ಮೆ ಹಾಕಿ, ಹುಲ್ಲಿನ ಚೂರು ಅಲ್ಲೇ ಬಿಡಿ. ಹಳದಿ ಕಂಡರೆ ಫೆರಸ್ ಸಲ್ಫೇಟ್. ಬರ್ಮುಡಾ ಆಗಿದ್ದರೆ ಒಂದೆರಡು ಕಂತು ಅಮೋನಿಯಂ ಸಲ್ಫೇಟ್ ಸೇರಿಸಿ.

ಎರೆ ಮಣ್ಣು, ಜೊತೆಗೆ ಸವಳು ಬೋರ್ ನೀರು ಇರುವವರಿಗೆ ಆಯ್ಕೆ ಕಡಿಮೆ. ಸಾವಯವ ಗೊಬ್ಬರ ಮಾತ್ರ, ಅದೂ ಮಳೆಗಾಲದಲ್ಲಿ. ಮಾಳಿಗೆಯ ಮಳೆನೀರನ್ನು ಪೈಪಿನಲ್ಲಿ ಲಾನ್‌ಗೇ ಬಿಟ್ಟರೆ ಕೂಡಿದ ಉಪ್ಪು ಕೆಳಗಿಳಿಯುತ್ತದೆ. ಗೊಬ್ಬರಕ್ಕಿಂತ ಈ ಪೈಪಿನ ಖರ್ಚು ನಿಮಗೆ ಹೆಚ್ಚು ಉಪಯೋಗ.

ಬೆಳಗಾವಿಯ ಕೆಂಪು ಮಣ್ಣು, ಸಣ್ಣ ಲಾನ್, ದುಡ್ಡಿಗಿಂತ ಸಮಯ ಕಡಿಮೆ ಎನ್ನುವವರಿಗೆ ಎರೆಹುಳು ಗೊಬ್ಬರ ವರ್ಷಕ್ಕೆರಡು ಸಲ, ನಡುವೆ ಬೇಕೆನಿಸಿದರೆ 19:19:19 ಸಿಂಪಡಣೆ. ಟಿಳಕವಾಡಿಯವರ ಪ್ರಶ್ನೆಯಲ್ಲಿ "ಅದೋ ಇದೋ" ಎಂಬುದೇ ಇಲ್ಲ. ಮೊದಲನೆಯದು ಮಣ್ಣಿಗೆ, ಎರಡನೆಯದು ಬಣ್ಣಕ್ಕೆ. ಒಂದನ್ನೇ ಕೊಳ್ಳುವಷ್ಟು ದುಡ್ಡಿದ್ದರೆ ಎರೆಹುಳು ಗೊಬ್ಬರ ತನ್ನಿ.

ಕೆಂಪು ಮಣ್ಣು, ದೊಡ್ಡ ಅಂಗಳ ಇರುವವರು ಹಳೆಯ ಪ್ರೆಸ್‌ಮಡ್ ಒಂದು ಟ್ರ್ಯಾಕ್ಟರ್ ತರಿಸಿ, ಬೇವಿನ ಹಿಂಡಿ ಬೆರೆಸಿ ಹರಡಿ. ನಾಲ್ಕು ಮನೆಯವರು ಸೇರಿ ತರಿಸಿದರೆ ಸಾಗಣೆ ಖರ್ಚು ಹಂಚಿಹೋಗುತ್ತದೆ.

ಮಕ್ಕಳು, ನಾಯಿ ಲಾನ್ ಮೇಲೇ ಇರುವ ಮನೆಯಲ್ಲಿ ಯಾವುದೇ ರಾಸಾಯನಿಕ ಗೊಬ್ಬರ ಹಾಕಿದರೂ ನೀರು ಬಿಟ್ಟು, ಹುಲ್ಲು ಒಣಗುವ ತನಕ ಅವರನ್ನು ಬಿಡಬೇಡಿ. ಉಳಿದ ಗೊಬ್ಬರವನ್ನು ಮುಚ್ಚಳ ಗಟ್ಟಿ ಇರುವ ಡಬ್ಬಿಯಲ್ಲಿ, ಹೆಸರು ಬರೆದು, ಎತ್ತರದಲ್ಲಿಡಿ. ಯೂರಿಯಾ ನೋಡಲು ಸಾಬುದಾಣಿಯಂತೆ ಇರುತ್ತದೆ. ಅಡುಗೆಮನೆಯ ಹಳೆಯ ಡಬ್ಬಿಗೆ ಅದನ್ನು ಯಾವತ್ತೂ ಹಾಕಬೇಡಿ.